ಕೈಕಾಲುಗಳ ಧಮನೀರೋಧ ಮತ್ತು ಅದರ ಸೂಕ್ಷ್ಮಚಿಕಿತ್ಸೆ

‘ಧಮನಿ’ ಎಂಬ ಶಬ್ದವು ‘ಊದು’ ಎಂಬರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿದುದು. ಪ್ರಾಚೀನ ಗ್ರೀಕ್ ವೈದ್ಯರಲ್ಲಿಯೂ ಕೆಲವರು ಈ ನಾಳಗಳಲ್ಲಿ ವಾಯುವು ಸಂಚರಿಸುವುದೆಂದು ನಂಬಿದ್ದರು. ಹೃದಯದಿಂದ ಹೊರಟ ರಕ್ತವು ಶರೀರವನ್ನೆಲ್ಲ ಸುತ್ತಿ ಮರಳಿ ಹೃದಯಕ್ಕೇ ಬರುವುದೆಂಬ ಸಂಗತಿಯನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದರು. ಶಾಸ್ತ್ರ ಬದಲಾಯಿತು, ಹೆಸರು ಮಾತ್ರ ಹಳೆಯದೇ ನಿಂತಿತು. ಇಂದಿನ ಪಠ್ಯಪುಸ್ತಕಗಳು ‘ಅಪಧಮನಿ’ ಎನ್ನುತ್ತವೆಯಾದರೂ ಕಿವಿಗೆ ಹಿತವಾದುದು ಹಳೆಯ ಮಾತೇ.

ವೃದ್ಧಾಪ್ಯದಲ್ಲಿ ಧಮನಿಯ ಒಳಗೋಡೆಗೆ ಕೊಬ್ಬು ಮೆತ್ತಿ ದಾರಿ ಕಿರಿದಾಗುವುದು ಎಲ್ಲರೂ ಬಲ್ಲ ವಿಷಯ. ಆದರೆ ಗೋಡೆಯೇ ಉರಿಯೂತಕ್ಕೆ ಒಳಗಾಗಿ, ಯೌವನದಲ್ಲಿಯೇ ನಾಳವು ಮುಚ್ಚಿಹೋಗುವ ವ್ಯಾಧಿಗಳೂ ಉಂಟು. ಅವುಗಳಲ್ಲಿ ಎರಡು, ಕಾಕತಾಳೀಯವೆಂಬಂತೆ, 1908ನೆಯ ಇಸವಿಯೊಂದಿಗೇ ಸೇರಿಕೊಂಡಿವೆ. ಆ ವರ್ಷ ಜಪಾನಿನ ನೇತ್ರವೈದ್ಯ ಮಿಕಿಟೊ ಟಕಾಯಾಸು ಅವರು ಯುವತಿಯೊಬ್ಬಳ ಅಕ್ಷಿಪಟಲದ ರಕ್ತನಾಳಗಳಲ್ಲಿ ವಿಚಿತ್ರವಾದ ಹೆಣಿಗೆಯನ್ನು ಕಂಡು ವರದಿ ಮಾಡಿದರು. ಮಹಾಧಮನಿಯನ್ನೂ ಅದರಿಂದ ತೋಳುಗಳಿಗೆ ಕವಲೊಡೆಯುವ ನಾಳಗಳನ್ನೂ ಹಿಡಿಯುವ ಈ ಬೇನೆ ಹೆಚ್ಚಾಗಿ ತರುಣಿಯರಿಗೆ ಬರುತ್ತದೆ. ಇದಕ್ಕೆ ‘ನಾಡಿಯಿಲ್ಲದ ರೋಗ’ವೆಂದೂ ಹೆಸರಾಯಿತು. ನಾಡಿ ಹಿಡಿದೇ ರೋಗವನ್ನು ನಿರ್ಣಯಿಸುವ ನಮ್ಮ ವೈದ್ಯಪರಂಪರೆಗೆ ಇದಕ್ಕಿಂತ ದೊಡ್ಡ ಒಗಟು ಇರಲಾರದು: ರೋಗಿ ಎದುರಿಗೆ ಕುಳಿತು ಮಾತನಾಡುತ್ತಿದ್ದಾಳೆ, ಮುಂಗೈಯಲ್ಲಿ ನಾಡಿಯೇ ಇಲ್ಲ!

ಎರಡನೆಯದು ಬರ್ಗರ್ ವ್ಯಾಧಿ. 1879ರಲ್ಲಿ ಫಾನ್ ವಿನಿವಾರ್ಟರ್ ಇದನ್ನು ಮೊದಲು ವಿವರಿಸಿದ್ದರೂ, 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ಅವರು ಕತ್ತರಿಸಿ ತೆಗೆದ ಕಾಲುಗಳನ್ನೇ ಪರೀಕ್ಷಿಸಿ ಅದರ ಸ್ವರೂಪವನ್ನು ನಿಶ್ಚಯಿಸಿದರು. ಇದರ ಬೇರು ತಂಬಾಕು. ನಿಪ್ಪಾಣಿಯ ಸುತ್ತಿನ ಹೊಲಗಳಲ್ಲಿ ಬೆಳೆದು ಬೀಡಿಯಾಗಿ ಸುಟ್ಟುಹೋಗುವ ಎಲೆಯನ್ನು ನೋಡಿದವರಿಗೆ ಇದು ದೂರದ ಮಾತಲ್ಲ. ನಡೆಯುವಾಗ ಅಂಗಾಲು ಹಿಡಿದುಕೊಳ್ಳುವುದರಿಂದ ಆರಂಭವಾಗಿ, ರಾತ್ರಿ ಮಲಗಿದಾಗಲೂ ನೋವು ಬಿಡದೆ, ಮಂಚದಿಂದ ಕಾಲನ್ನು ಇಳಿಬಿಟ್ಟು ಕೂರುವಂತಾಗುತ್ತದೆ. ಬಳಿಕ ಬೆರಳು ಕಪ್ಪಾಗುತ್ತದೆ, ಹುಣ್ಣು ಮಾಯುವುದಿಲ್ಲ. ನಲವತ್ತರೊಳಗಿನ ದುಡಿಯುವ ಗಂಡಾಳು ಹೀಗೆ ಕಾಲು ಕಳೆದುಕೊಂಡರೆ ಕುಂಟಾಗುವುದು ಅವನೊಬ್ಬನಲ್ಲ, ಅವನ ಇಡೀ ಸಂಸಾರ.

ಮುಚ್ಚಿದ ನಾಳವನ್ನು ಬಳಸಿ ಬೇರೆ ದಾರಿ ಹೊಲಿಯುವ ಶಸ್ತ್ರಕ್ರಿಯೆಯಿದೆ. ಆದರೆ ಬರ್ಗರ್ ವ್ಯಾಧಿಯು ಪಾದದ ಸಮೀಪದ ಸಣ್ಣ ನಾಳಗಳನ್ನೇ ಮುಚ್ಚುವುದರಿಂದ, ಹೊಸ ದಾರಿಯನ್ನು ಕೂಡಿಸಲು ಕೆಳಗೆ ಆರೋಗ್ಯವಂತ ನಾಳವೇ ಅನೇಕ ವೇಳೆ ಸಿಕ್ಕುವುದಿಲ್ಲ. ಇಲ್ಲಿಯೇ ಸೂಕ್ಷ್ಮಚಿಕಿತ್ಸೆಯ ಪ್ರಯೋಜನ.

ಸೂಜಿಯ ರಂಧ್ರದ ಮೂಲಕ ತಂತಿಯನ್ನು ನುಗ್ಗಿಸಿ, ಅದರ ಮೇಲೆ ಕೊಳವೆಯನ್ನು ಜಾರಿಸುವ ಉಪಾಯವನ್ನು ಸ್ವೀಡನ್ನಿನ ಸೆಲ್ಡಿಂಗರ್ ಅವರು 1953ರಲ್ಲಿ ಪ್ರಕಟಿಸಿದರು. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಚಾರ್ಲ್ಸ್ ಡಾಟರ್ ಅವರ ಮುಂದೆ 82 ವರ್ಷದ ವೃದ್ಧೆಯೊಬ್ಬಳಿದ್ದಳು. ಬೆರಳುಗಳು ಕೊಳೆಯತೊಡಗಿದ್ದವು, ಆದರೂ ಕಾಲು ತೆಗೆಸಿಕೊಳ್ಳಲು ಆಕೆ ಒಪ್ಪಲಿಲ್ಲ. ಡಾಟರ್ ಅವರು ತೊಡೆಯ ಧಮನಿಯ ಇಕ್ಕಟ್ಟನ್ನು ಕೊಳವೆಗಳಿಂದಲೇ ಹಿಗ್ಗಿಸಿದರು. ಪಾದ ಬೆಚ್ಚಗಾಯಿತು. ಆಕೆ ಮುಂದೆ ಬದುಕಿದ ಸುಮಾರು ಎರಡೂವರೆ ವರ್ಷವೂ ತನ್ನ ಕಾಲ ಮೇಲೆಯೇ ನಡೆದಾಡಿದಳು. ಅವಳದು ಮುಪ್ಪಿನ ಧಮನೀರೋಧವೇ ಹೊರತು ಉರಿಯೂತದ್ದಲ್ಲ; ಆದರೆ ದಾರಿ ತೆರೆದದ್ದು ಅಂದೇ. 1974ರಲ್ಲಿ ಜೂರಿಕ್ಕಿನ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಕೊಳವೆಯ ತುದಿಗೆ ಉಬ್ಬುವ ಬಲೂನನ್ನು ಜೋಡಿಸಿದರು.

ಈಗಿನ ಕ್ರಮವೂ ಇದೇ. ತೊಡೆಸಂದಿಯನ್ನು ಮರಗಟ್ಟಿಸಿ, ಕ್ಷ-ಕಿರಣದ ಪರದೆಯಲ್ಲಿ ನೋಡುತ್ತ, ಕೂದಲಿನಂಥ ತಂತಿಯನ್ನು ಅಡಚಣೆಯ ಮೂಲಕ ದಾಟಿಸುತ್ತಾರೆ. ಬಲೂನನ್ನು ಉಬ್ಬಿಸಿ, ಮತ್ತೆ ಕುಗ್ಗಿಸಿ ಹೊರತೆಗೆಯುತ್ತಾರೆ. ಮೇಲಿನಿಂದ ದಾರಿ ಸಿಗದಿದ್ದರೆ ಪಾದದ ಕಡೆಯಿಂದ ಮೇಲ್ಮುಖವಾಗಿ ಪ್ರಯತ್ನಿಸುವುದೂ ಉಂಟು.

ತೆರೆದ ನಾಳವು ಮತ್ತೆ ಮುಚ್ಚುವ ಸಂಭವ ಈ ವ್ಯಾಧಿಗಳಲ್ಲಿ ಹೆಚ್ಚು. ಹಾಗಾದರೆ ಈ ಶ್ರಮವೆಲ್ಲ ವ್ಯರ್ಥವೇ? ಅಲ್ಲ. ಹುಣ್ಣು ಮಾಯಲು ಬೇಕಾಗುವಷ್ಟು ರಕ್ತವು ಮಾಯ್ದ ಚರ್ಮವನ್ನು ಕಾಪಾಡಲು ಬೇಡ. ಕೆಲವು ತಿಂಗಳು ದಾರಿ ತೆರೆದಿದ್ದು ಗಾಯ ಕೂಡಿಕೊಂಡರೆ, ಬಳಿಕ ನಾಳ ಮುಚ್ಚಿದರೂ ಕಾಲು ಉಳಿಯಬಹುದು. ಟಕಾಯಾಸು ವ್ಯಾಧಿಯಲ್ಲಿ ಮೊದಲು ಔಷಧದಿಂದ ಉರಿಯೂತವನ್ನು ತಣಿಸಬೇಕು. ಉರಿಯುವಾಗಲೇ ಬಲೂನು ಹಾಕಿದರೆ ನಾಳ ಬೇಗನೆ ಮತ್ತೆ ಕಿರಿದಾಗುತ್ತದೆ. ಬರ್ಗರ್ ವ್ಯಾಧಿಯಲ್ಲಿ ರೋಗದ ಮುನ್ನಡೆಯನ್ನು ತಡೆಯುವುದು ತಂಬಾಕಿನ ಸಂಪೂರ್ಣ ತ್ಯಾಗವೊಂದೇ. ಬೀಡಿ ಬಿಟ್ಟು ನಶ್ಯವನ್ನೋ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನೋ ಹಿಡಿದರೆ ಬಿಟ್ಟಂತಾಗದು.

ಪಾದದ ಮೇಲ್ಭಾಗದಲ್ಲಿ ಒಂದು, ಕಾಲ ಹರಡಿನ ಒಳಮೂಳೆಯ ಹಿಂದೆ ಇನ್ನೊಂದು, ಹೀಗೆ ಎರಡು ಕಡೆ ಬೆರಳಿಟ್ಟರೆ ನಾಡಿ ಸಿಕ್ಕುತ್ತದೆ. ಮೇಲ್ಭಾಗದ ನಾಡಿ ಕೆಲವು ಆರೋಗ್ಯವಂತರಲ್ಲಿಯೂ ತಿಳಿಯದು. ಆದರೆ ತಂಬಾಕಿನ ಚಟವುಳ್ಳ ತರುಣನಿಗೆ ಅಂಗಾಲು ನೋಯುತ್ತಿದ್ದು ಎರಡು ನಾಡಿಗಳೂ ಸಿಕ್ಕದಿದ್ದರೆ, ಹುಣ್ಣಾಗುವುದನ್ನು ಕಾಯದೆ ರಕ್ತನಾಳಗಳ ತಜ್ಞರಿಗೆ ತೋರಿಸತಕ್ಕದ್ದು.