‘ಬ್ಯಾಕಪ್ ಇದೆ ಸರ್, ಹಾಕಿಕೊಡಿ ಸಾಕು’

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹದಿನೇಳು ವರ್ಷವಾಯಿತು. ‘ಬ್ಯಾಕಪ್ ಇದೆ ಸರ್, ಹಾಕಿಕೊಡಿ ಸಾಕು’ ಎಂದು ಹಾರ್ಡ್‌ಡಿಸ್ಕ್ ಹಿಡಿದು ಬರುವವರು ಬೇಕಾದಷ್ಟು ಜನ. ಅದನ್ನು ಒಮ್ಮೆಯಾದರೂ ವಾಪಸ್ ತೆಗೆದು ನೋಡಿದವರು ಬೆರಳೆಣಿಕೆಯಷ್ಟು. ಕೈ ಸುಟ್ಟುಕೊಂಡು ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಹಳೇ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ರಿಸ್ಟೋರ್ ಮಾಡುವುದು ಹೊಸ ಡಿಸ್ಕಿಗೇ. ಬ್ಯಾಕಪ್ ತೆಗೆದದ್ದು ದೀಪಾವಳಿಗೆ, ಕೆಟ್ಟದ್ದು ಯುಗಾದಿಗೆ ಎಂದರೆ ನಡುವಿನ ಕೆಲಸವೆಲ್ಲ ಇರುವುದು ಹಳೆಯದರಲ್ಲಿ ಮಾತ್ರ. ಅದು ಟಕ್ ಟಕ್ ಎನ್ನುತ್ತಿದ್ದರೆ ಮತ್ತೆ ಕರೆಂಟ್ ಕೊಡಬೇಡಿ.

2. ಯಾವುದರಿಂದ ಯಾವುದಕ್ಕೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಾನು ಬಳಸುವುದು ಡಿಸ್ಕನ್ನು ನಕಲು ಮಾಡುವ, ರಿಸ್ಟೋರ್ ಮಾಡುವ ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶ. ಉಚಿತ, ನಂಬಿಕೆಗೆ ಅರ್ಹ. ಆದರೆ ಅದರಲ್ಲಿ ಡಿಸ್ಕುಗಳು ಕಾಣುವುದು ಎಸ್‌ಡಿಎ, ಎಸ್‌ಡಿಬಿ ಎಂದು. ಈಗ ಎಸ್‌ಡಿಎ ಆಗಿರುವುದು ಮುಂದಿನ ಸಲ ಬೂಟ್ ಮಾಡಿದಾಗ ಎಸ್‌ಡಿಬಿ ಆಗಬಹುದು. ಅಂಗಡಿ ಶುರುವಿನ ದಿನಗಳಲ್ಲಿ ಒಂದು ಸ್ಟುಡಿಯೋದ ಕಂಪ್ಯೂಟರ್ ಬಂತು. ಒಂದೇ ಕಂಪನಿಯ 1 ಟಿಬಿ ಡಿಸ್ಕ್ ಎರಡು: ಒಂದು ಹೊಸದು, ಇನ್ನೊಂದರ ತುಂಬ ಮದುವೆ ಫೋಟೊ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕ್ಲೋನ್‌ಜಿಲ್ಲಾ ಎರಡು ಸಲ ಕೇಳಿತು. ಎರಡು ಸಲವೂ ನಾನು ವೈ ಒತ್ತಿದೆ. ಫೋಟೊಗಳ ಮೇಲೆ ವಿಂಡೋಸ್ ಹೋಗಿ ಕೂತಿತು. ಅಳಿಸಿಹೋದ ಫೈಲ್ ಹುಡುಕಿಕೊಡುವ ಫೋಟೊರೆಕ್ ಹಾಕಿ ಎರಡು ದಿನ ಜಾಲಾಡಿದೆ. ಒಂದಷ್ಟು ಸಿಕ್ಕವು; ಹೆಸರಿಲ್ಲ, ಫೋಲ್ಡರಿಲ್ಲ, ಯಾವುದು ಯಾರ ಮದುವೆಯೋ ತಿಳಿಯದು. ಆ ಸ್ಟುಡಿಯೋದವರ ಮುಖ ಇನ್ನೂ ಕಣ್ಣ ಮುಂದಿದೆ. ಅಂದಿನಿಂದ ಬೇಡದ ಡಿಸ್ಕಿನ ಕೇಬಲ್ ಕಿತ್ತಿಡುತ್ತೇನೆ. ಸ್ಟಿಕ್ಕರ್ ಮೇಲಿನ ಸೀರಿಯಲ್ ನಂಬರನ್ನು ಪರದೆಯಲ್ಲಿರುವುದರ ಜೊತೆ ತಾಳೆ ನೋಡದೆ ವೈ ಒತ್ತುವುದಿಲ್ಲ.

3. ಬ್ಯಾಕಪ್ ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲು, ಸರಿಯಿದೆಯೇ ಎಂದು ಮೊದಲೇ ಚೆಕ್ ಮಾಡಿಸಿ. ಕ್ಲೋನ್‌ಜಿಲ್ಲಾದಲ್ಲೇ ಆ ಆಯ್ಕೆಯಿದೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

4. ಎಲ್ಲ ಮುಗಿದ ಮೇಲೂ ನೀಲಿ ಪರದೆ ಬಂದರೆ ಇಮೇಜನ್ನು ಬೈಯಬೇಡಿ. ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಸಿಆರ್2032 ಸೆಲ್ ಸತ್ತು ಬಯೋಸ್ ಸೆಟ್ಟಿಂಗ್ ಬದಲಾಗಿರಬಹುದು. ವಿಂಡೋಸ್ ಹಾಕುವಾಗ ಸಾಟಾ ಮೋಡ್ ಏನಿತ್ತೋ ಈಗಲೂ ಅದೇ ಇರಬೇಕು. ಯುಇಎಫ್‌ಐ, ಲೆಗಸಿ ವಿಷಯದಲ್ಲೂ ಹಾಗೆಯೇ.

5. ಯುಪಿಎಸ್ ಇಲ್ಲದೆ ಕೂರಬೇಡಿ. ಹಳೇ ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ 30 ಎಂಬಿ ಆಸುಪಾಸು. 200 ಜಿಬಿ ಇಮೇಜಿಗೆ ಸುಮಾರು ಎರಡು ತಾಸು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

6. ಡೆಸ್ಕ್‌ಟಾಪ್ ಕಂಡಿತೆಂದು ಕಂಪ್ಯೂಟರ್ ಕೊಟ್ಟು ಕಳಿಸಬೇಡಿ. ಅವರ ಕೈಯಲ್ಲೇ ಫೈಲ್ ತೆರೆಸಿ. ಡಿಟಿಪಿ ಮಾಡುವ ಅಕ್ಕ ಒಬ್ಬರು ಬರೀ ಫೈಲುಗಳನ್ನು ಕಾಪಿ ಮಾಡಿಟ್ಟಿದ್ದರು. ಹೊಸ ವಿಂಡೋಸ್ ಹಾಕಿ ಲಗ್ನಪತ್ರಿಕೆ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಚುಕ್ಕಿ, ಗೀಟು. ‘ಎಲ್ಲಾ ಹೋಯ್ತಾ ಅಣ್ಣಾ?’ ಎಂದರು. ಹೋಗಿರಲಿಲ್ಲ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿನೊಳಗೆ ಇರುವುದೇ ಆ ಇಂಗ್ಲಿಷ್ ಸಂಕೇತಗಳು. ಕನ್ನಡವಾಗಿ ತೋರಿಸುವುದು ಫಾಂಟ್. ಇಡೀ ಡಿಸ್ಕಿನ ಇಮೇಜ್ ಆಗಿದ್ದರೆ ಫಾಂಟೂ ಜೊತೆಗೇ ಬರುತ್ತಿತ್ತು. ನುಡಿ ಹಾಕಿ ಮತ್ತೆ ತೆರೆದೆವು. ಮೇಲುಗಡೆ ‘ಶ್ರೀ ವಿನಾಯಕ ಪ್ರಸನ್ನ’ ಮೂಡಿತು. ಅವರು ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತು, ಮುಹೂರ್ತದ ದಿನಾಂಕ ತಿದ್ದಿ ಸೇವ್ ಮಾಡಿದರು.