ನಾದಸಂಗಮ

ಅರಸೀಕೆರೆ ಒಂದು ಕೂಡುನಿಲ್ದಾಣ. ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಸಾಗುವ ರೈಲು ಮಾರ್ಗಕ್ಕೆ ಮೈಸೂರು, ಹಾಸನಗಳ ಕಡೆಯಿಂದ ಬರುವ ಮಾರ್ಗವು ಇಲ್ಲಿ ಸೇರುತ್ತದೆ. ನಾನಾ ಊರುಗಳ ಜನ ಇಲ್ಲಿ ಇಳಿದು, ಗಾಡಿ ಬದಲಿಸಿ, ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಊರಿನಲ್ಲಿರುವ ಹೊಯ್ಸಳರ ಕಾಲದ ಈಶ್ವರ ದೇವಾಲಯವನ್ನು ಕಂಡ ಪ್ರವಾಸಿ ಅಲ್ಲಿಂದ ಹಳೇಬೀಡು, ಬೇಲೂರುಗಳತ್ತ ಹೊರಡುತ್ತಾನೆ.

ಆ ಗುಡಿಗಳ ಗೋಡೆಗಳ ಮುಂದೆ ತುಸು ಹೊತ್ತು ನಿಂತರೆ, ಕಲ್ಲಿನಲ್ಲಿ ಒಂದು ಮೇಳವೇ ಅಡಗಿರುವುದು ಕಾಣುತ್ತದೆ. ಮದ್ದಳೆ ಬಾರಿಸುವವರು, ಕೊಳಲೂದುವವರು, ತಾಳಕ್ಕೆ ಹೆಜ್ಜೆ ಹಾಕುವವರು ಒಂಬೈನೂರು ವರ್ಷಗಳಿಂದ ಅಲ್ಲಿ ನಿಂತಿದ್ದಾರೆ. ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅವನ ರಾಣಿ ಶಾಂತಲೆ ಸಂಗೀತ ನೃತ್ಯಗಳಲ್ಲಿ ನಿಪುಣೆಯೆಂದು ಹೆಸರಾದವಳು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೊಯ್ಸಳ ಶಿಲ್ಪವು ಒಂದೇ ಬೇರಿನಿಂದ ಬೆಳೆದ ಗಿಡವಲ್ಲ. ದಕ್ಷಿಣದ ದ್ರಾವಿಡ ಶೈಲಿ, ಉತ್ತರದ ನಾಗರ ಶೈಲಿ, ಕಲ್ಯಾಣದ ಚಾಲುಕ್ಯರ ಕುಶಲತೆ, ಇವೆಲ್ಲವೂ ಇಲ್ಲಿ ಬೆರೆತಿವೆ. ಬೇಲೂರಿನಲ್ಲಿ ತಮ್ಮ ಹೆಸರನ್ನು ಕೊರೆದ ದಾಸೋಜ ಮತ್ತು ಅವನ ಮಗ ಚಾವಣ ಚಾಲುಕ್ಯರ ನಾಡಾದ ಬಳ್ಳಿಗಾವೆಯಿಂದ ಬಂದವರು. ಈ ಗುಡಿಗಳನ್ನು ಬೆರಕೆಯೆಂದು ಇಂದು ಯಾರೂ ಜರೆಯುವುದಿಲ್ಲ. 2023ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿಗೆ ಒಪ್ಪುವ ಈ ಮಾತು ನಾದಕ್ಕೂ ಒಪ್ಪುವುದೇ?

ಇದನ್ನು ಅರಿಯಲು ಅಮೆರಿಕದ ಇನ್ನೊಂದು ರೈಲು ನಿಲ್ದಾಣವನ್ನು ನೆನೆಯೋಣ. ಸುಮಾರು 1903ರಲ್ಲಿ ಮಿಸಿಸಿಪಿ ಸಂಸ್ಥಾನದ ಟಟ್‌ವೈಲರ್ ಎಂಬ ಊರಿನಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಎಂಬ ಸಂಗೀತಗಾರನು ತಡವಾದ ಗಾಡಿಗಾಗಿ ಕಾಯುತ್ತ ತೂಕಡಿಸುತ್ತಿದ್ದನು. ಹರಿದ ಬಟ್ಟೆಯುಟ್ಟ ಬಡವನೊಬ್ಬ ಪಕ್ಕದಲ್ಲಿ ಕುಳಿತು, ಗಿಟಾರಿನ ತಂತಿಗಳ ಮೇಲೆ ಚಾಕುವನ್ನು ಒತ್ತಿ ಜಾರಿಸುತ್ತ ಹಾಡತೊಡಗಿದ. ಎರಡು ರೈಲು ಹಾದಿಗಳು ಕೂಡುವ ಊರೊಂದಕ್ಕೆ ಹೋಗುವುದೇ ಆ ಹಾಡಿನ ವಸ್ತು. ಹ್ಯಾಂಡಿ ಅದುವರೆಗೆ ಅಂಥ ನಾದವನ್ನು ಕೇಳಿರಲಿಲ್ಲ. ಮುಂದೆ ಅವನು ಆ ಬಗೆಯ ಹಾಡುಗಳನ್ನು ಸ್ವರಲಿಪಿಯಲ್ಲಿ ಬರೆದು ಅಚ್ಚು ಹಾಕಿಸಿದನು. ಅದೇ ‘ಬ್ಲೂಸ್’ ಎಂಬ ಸಂಗೀತ.

ಬ್ಲೂಸ್ ಹುಟ್ಟಿದ್ದು ಅರಮನೆಯಲ್ಲಲ್ಲ. ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಸಂತತಿಯವರು ಹತ್ತಿಯ ಹೊಲಗಳಲ್ಲಿ ದುಡಿಯುತ್ತ ತಮ್ಮ ಅಳಲನ್ನು ಹಾಡಾಗಿಸಿದರು. ಸಾಮಾನ್ಯವಾಗಿ ಒಂದು ಸಾಲನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಉತ್ತರ ಹೇಳುವುದು ಅದರ ಕ್ರಮ. ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಭಾಗಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಕೆಲವು ಸ್ವರಗಳನ್ನು ನೇರವಾಗಿ ನಿಲ್ಲಿಸದೆ ತುಸು ಇಳಿಸಿ, ಜಾರಿಸಿ ನುಡಿಸುತ್ತಾರೆ. ನಮ್ಮ ಗಮಕವನ್ನು ಬಲ್ಲವರಿಗೆ ಈ ಜಾರು ಪರಕೀಯವೆನಿಸದು. ಒಬ್ಬರು ಹೇಳಿಕೊಟ್ಟುದನ್ನು ಉಳಿದವರು ಎತ್ತಿಕೊಳ್ಳುವ ನಮ್ಮ ಸೋಬಾನೆ ಪದಗಳಂತೆಯೇ ಅಲ್ಲಿಯೂ ಕರೆ ಮತ್ತು ಮರುದನಿಗಳುಂಟು. ಈ ಬ್ಲೂಸಿನ ಸಾರವನ್ನು ಹೀರಿಕೊಂಡೇ ‘ಜಾಸ್’ ಸಂಗೀತ ಬೆಳೆಯಿತು.

ಜಾಸ್ ಸಂಗೀತದ ಮುಖ್ಯ ವಾದ್ಯಗಳಲ್ಲಿ ಒಂದಾದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಲಿಸಿಕೊಂಡವರು ಕದ್ರಿ ಗೋಪಾಲನಾಥರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 1949ರಲ್ಲಿ ಹುಟ್ಟಿದ ಅವರು ನಾಗಸ್ವರ ವಿದ್ವಾಂಸರ ಮಗ. ಚಿಕ್ಕಂದಿನಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ದನಿ ಕೇಳಿ ಮಾರುಹೋದರು. ಪಾಶ್ಚಾತ್ಯ ಸ್ವರಗಳಿಗಾಗಿ ರಚಿತವಾದ ಆ ಲೋಹದ ವಾದ್ಯದಲ್ಲಿ ಗಮಕ ಹೊಮ್ಮಿಸುವುದು ಸುಲಭವಲ್ಲ. ಇದು ನಮ್ಮ ಸಂಗೀತಕ್ಕೆ ತಕ್ಕುದಲ್ಲವೆಂದವರೂ ಇದ್ದರು. ಅವರು ವಾದಕ್ಕಿಳಿಯದೆ ವರ್ಷಗಟ್ಟಲೆ ಸಾಧನೆ ಮಾಡಿದರು. ವಾದ್ಯವನ್ನು ನಮ್ಮ ರಾಗಗಳಿಗೆ ಹೊಂದುವಂತೆ ಮಾರ್ಪಡಿಸಿಕೊಂಡರು. 1980ರ ಮುಂಬಯಿಯ ಜಾಸ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರ ಕಚೇರಿ ನಡೆಯಿತು. 2019ರಲ್ಲಿ ಅವರು ತೀರಿಕೊಂಡಾಗ, ಸ್ಯಾಕ್ಸೊಫೋನ್ ಪರದೇಶದ್ದೆಂಬ ಮಾತೇ ಹಳತಾಗಿತ್ತು. ಯುರೋಪಿನಿಂದ ಬಂದ ಪಿಟೀಲೂ ಹೀಗೆಯೇ ನಮ್ಮದಾಯಿತಲ್ಲವೆ? ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿ ನುಡಿಸಿದರು.

ಇನ್ನೊಂದು ಸಂಗಮವು ಎದುರು ದಿಕ್ಕಿನಿಂದ ಬಂದಿತು. ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪಿತವಾದ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ತಾಳವಾದ್ಯಗಳನ್ನು ಕಲಿಸುವ ಸಂಸ್ಥೆ. ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿಯವರು ಅದರ ಮುಂದಾಳಾಗಿದ್ದರು. ಅಮೆರಿಕದ ಜಾಸ್ ವಾದಕ ಚಾರ್ಲಿ ಮರಿಯಾನೊ ಹೆಸರು ಗಳಿಸಿದ ಮೇಲೆಯೂ ವಿದ್ಯಾರ್ಥಿಯಂತೆ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರವನ್ನು ಅಭ್ಯಾಸ ಮಾಡಿದವರು. ಅವರೂ ಈ ಸಂಸ್ಥೆಯ ಕಲಾವಿದರೂ ಕೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದರು. ಆರ್. ಎ. ರಮಾಮಣಿಯವರ ಗಾಯನ, ಮೃದಂಗ, ಘಟ, ಖಂಜಿರಗಳ ನಡುವೆ ಮರಿಯಾನೊ ಅವರ ವಾದ್ಯ ಅಲ್ಲಿ ನುಡಿಯುತ್ತದೆ. ಯಾರೂ ಯಾರನ್ನೂ ಮುಚ್ಚಿಹಾಕುವುದಿಲ್ಲ.

ಮುಂದೆ ಕಾಲೇಜುಗಳ ತರುಣರೂ ಈ ಹಾದಿ ಹಿಡಿದರು. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡವು ಬ್ಲೂಸ್, ಜಾಸ್, ರಾಕ್ ಸಂಗೀತಗಳನ್ನು ಬೆರೆಸಿ, ಚಲನಚಿತ್ರದ ಆಸರೆಯಿಲ್ಲದೆ ಸ್ವಂತ ಹಾಡುಗಳನ್ನು ಕಟ್ಟಿತು. ಮೈಸೂರಿನ ರಘು ದೀಕ್ಷಿತರು ಶಿಶುನಾಳ ಷರೀಫರ ತತ್ತ್ವಪದಗಳನ್ನು ಗಿಟಾರಿನೊಡನೆ ಹೊರನಾಡುಗಳ ವೇದಿಕೆಗೆ ಒಯ್ದರು.

ಹಾಗೆಂದು ಬೆರೆತದ್ದೆಲ್ಲ ಚೆಲುವಲ್ಲ. ಎರಡನ್ನೂ ಅರೆಬರೆ ಕಲಿತು ಕಲಸಿದರೆ ಉಳಿಯುವುದು ಗದ್ದಲ. ಗೋಪಾಲನಾಥರಿಗೆ ರಾಗ ಗೊತ್ತಿತ್ತು, ಮರಿಯಾನೊ ಅವರಿಗೆ ಜಾಸ್ ಗೊತ್ತಿತ್ತು. ಆದ್ದರಿಂದಲೇ ಪರರ ನಾದಕ್ಕೆ ಕಿವಿಗೊಡುವ ಧೈರ್ಯ ಅವರಲ್ಲಿತ್ತು. ತನ್ನದನ್ನು ಬಲ್ಲವನು ಇನ್ನೊಬ್ಬನದನ್ನು ಕಲಿಯಲು ಅಂಜುವುದಿಲ್ಲ. ಬಳ್ಳಿಗಾವೆಯ ದಾಸೋಜನೂ ತನ್ನ ಉಳಿಯ ವಿದ್ಯೆಯನ್ನು ಬಿಟ್ಟು ಬೇಲೂರಿಗೆ ಬರಲಿಲ್ಲ. ಅದನ್ನು ಹೊತ್ತುಕೊಂಡೇ ಬಂದನು. ಕೂಡುನಿಲ್ದಾಣದಲ್ಲಿ ಹಾದಿಗಳು ಕೊನೆಗೊಳ್ಳುವುದಿಲ್ಲ. ಅಲ್ಲಿಂದ ಇನ್ನಷ್ಟು ದೂರ ಸಾಗುತ್ತವೆ.

ಪದಗಳ ಅರ್ಥ
ಜರೆ – ನಿಂದಿಸು. ಅಳಲು – ದುಃಖ. ಗಮಕ – ಸ್ವರವನ್ನು ಅಲುಗಿಸಿ, ಜಾರಿಸಿ ನುಡಿಸುವ ಕ್ರಮ. ಪರಕೀಯ – ಹೊರಗಿನ. ಸಂಗಮ – ಕೂಡುವಿಕೆ.

ಅಭ್ಯಾಸ
1. ಹೊಯ್ಸಳ ಶಿಲ್ಪದಲ್ಲಿ ಯಾವ ಯಾವ ಶೈಲಿಗಳು ಬೆರೆತಿವೆ?
2. ಬ್ಲೂಸ್ ಹಾಡಿಗೂ ನಮ್ಮ ಸೋಬಾನೆ ಪದಕ್ಕೂ ಇರುವ ಸಾಮ್ಯವೇನು?
3. ಗೋಪಾಲನಾಥರು ಆಕ್ಷೇಪಗಳಿಗೆ ಹೇಗೆ ಉತ್ತರಿಸಿದರು?
4. ‘ತನ್ನದನ್ನು ಬಲ್ಲವನು ಇನ್ನೊಬ್ಬನದನ್ನು ಕಲಿಯಲು ಅಂಜುವುದಿಲ್ಲ.’ ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.
5. ನಿಮ್ಮ ಊರಿನ ಹಿರಿಯರಿಂದ ಒಂದು ಜನಪದ ಹಾಡನ್ನು ಕೇಳಿ ಕಲಿಯಿರಿ.