ಕಂಪವಾತವೂ ವಿನೋದವೂ

ಪಾರ್ಕಿನ್ಸನ್ ಎಂಬ ಆಂಗ್ಲ ವೈದ್ಯನು 1817ರಲ್ಲಿ ವಿವರಿಸಿದ ವ್ಯಾಧಿಯನ್ನು ಆಯುರ್ವೇದಜ್ಞರು ಕಂಪವಾತವೆನ್ನುವರು. ಮಿದುಳಿನಲ್ಲಿ ಡೋಪಮೈನ್ ಕುಗ್ಗಲು ಕೈ ನಡುಗುವುದು, ನಡೆ ಮಂದವಾಗುವುದು. ಮುಖದ ಸ್ನಾಯುಗಳೂ ಬಿಗಿಯುವುವು. ಈ ಕಡೆಯದೇ ಕ್ರೂರವಾದುದು. ಒಳಗೆ ನಗೆಯಿದ್ದರೂ ಮುಖದಲ್ಲಿ ಮೂಡದು. ಮನೆಯವರು ಮುನಿಸೆಂದು ಭ್ರಮಿಸಿ ಮಾತನ್ನೇ ಕಡಿಮೆ ಮಾಡುವರು.

ಭಟ್ಕಳ, ಹೊನ್ನಾವರ, ಕುಮಟಾಗಳ ಜನರಾದರೋ ಈ ಮರ್ಮವನ್ನು ಬಲ್ಲರು. 1934ರಲ್ಲಿ ಸ್ಥಾಪಿತವಾದ ಕೆರೆಮನೆಯ ಮೇಳವೇ ಮೊದಲಾದ ಯಕ್ಷಗಾನ ರಂಗದಲ್ಲಿ ಹಾಸ್ಯಗಾರನು ತಾನು ನಗದೆಯೇ ಸಭೆಯನ್ನು ನಗಿಸಬಲ್ಲನು. ತೊಡೆಯ ಮೇಲಿಟ್ಟ ಕೈ ತಾನಾಗಿ ನಡುಗಿದಾಗ "ಇದಕ್ಕೆಲ್ಲೋ ಚಂಡೆ ಕೇಳಿಸಿರಬೇಕು" ಎಂದು ರೋಗಿಯೇ ನುಡಿದರೆ ಮನೆಯವರ ಸಂಕೋಚವು ಹರಿಯುವುದು. ಮೊದಲ ನಗೆಯ ಅಧಿಕಾರವು ಅವನದೇ. ಅನ್ಯರು ತೊಡಗಿದರೆ ಅದು ಪರಿಹಾಸವಾದೀತು. ವಿನೋದದಿಂದ ನಡುಕವು ನಿಲ್ಲದು. ವೈದ್ಯರು ವಿಧಿಸಿದ ಲೀವೊಡೋಪವನ್ನು ಹೊತ್ತು ತಪ್ಪದೆ ಕೊಡಬೇಕು. ಧ್ವನಿಯೂ ಕ್ಷೀಣಿಸುವ ವ್ಯಾಧಿಯಿದು. ಅವನ ಮಾತಿಗೆ ನಗಬೇಕಾದವರು ಹತ್ತಿರ ಕುಳಿತೇ ಕೇಳಬೇಕು.